ಬಾನೆಟ್ ಮೇಲಿನ ಕುಂಕುಮ

ದೇವದುರ್ಗದ ಓಣಿಯೊಂದರಲ್ಲಿ ವಯಸ್ಸಾದ ತಾಯಿಯೊಬ್ಬರು ನಮ್ಮ ಬಾಡಿಗೆ ಕಾರಿನ ಬಾನೆಟ್‌ಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಅವರು ಡ್ರೈವರ್ ಮಲ್ಲಪ್ಪನ ಅವ್ವ. ರಾಯಚೂರು ಕೋಟೆ, ಮಾನ್ವಿ ತೋರಿಸಿ ಕರೆತಂದಿದ್ದ ಅವನು, ಅವ್ವನನ್ನು ಐದು ನಿಮಿಷ ನೋಡಿ ಬರುತ್ತೇನೆಂದು ಅಲ್ಲಿ ನಿಲ್ಲಿಸಿದ್ದ. ಆಕೆ ನನ್ನ ಹಣೆಗೂ ಕುಂಕುಮವಿಟ್ಟು, "ನನ್ನ ಮಗ ಸ್ವಂತ ಗಾಡಿ ತಗೊಂಡಾನ್ರಿ ಯವ್ವಾ, ಆರಾಮ ಕುಂತ ಹೋಗ್ರಿ" ಎಂದರು. ಮಲ್ಲಪ್ಪ ತಲೆ ಎತ್ತಲಿಲ್ಲ.

ರಾಯಚೂರು ಹತ್ತಿರವಾದಾಗ ಅವನು ಕಾರು ನಿಲ್ಲಿಸಿ, ಒದ್ದೆ ಬಟ್ಟೆಯಿಂದ ಕುಂಕುಮವನ್ನೆಲ್ಲ ಒರೆಸತೊಡಗಿದ. ಯಾಕಪ್ಪಾ ಎಂದು ಕೇಳಿದೆ.

"ಮಾಲಕ ನೋಡಿದ್ರ ಬೈತಾನ್ರಿ ಅಕ್ಕಾ. ಅವ್ವಗ ಗಾಡಿ ನಂದ ಅಂತ ಸುಳ್ಳ ಹೇಳೀನಿ."

ಲಾಡ್ಜಿಗೆ ಮರಳಿ ಕನ್ನಡಿ ನೋಡಿದೆ. ನನ್ನ ಹಣೆಯ ಮೇಲೆ ಆ ತಾಯಿಯ ಕುಂಕುಮ ಹಾಗೇ ಇತ್ತು. ಮುಖ ತೊಳೆಯಲು ಮನಸ್ಸಾಗಲಿಲ್ಲ.