ದೊಡ್ಡಮ್ಮನ ಎರಡು ಕಡ್ಡಿಯ ಟೆಸ್ಟರ್

ದೊಡ್ಡಮ್ಮನ ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಮುದ್ದೆ ಕಟ್ಟುವಾಗ ಅವೆರಡು ಮಾತ್ರ ನೆಟ್ಟಗೆ ನಿಂತಿರುತ್ತಿದ್ದವು. ಅಂಗೈಯ ಸುಟ್ಟ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

ಹೊಳಲಿನ ಅವರ ಮನೆಯ ಹಿತ್ತಲಲ್ಲಿ ನೀರಿನ ಮೋಟಾರು ಕೆಟ್ಟಿತ್ತು. ರಿಪೇರಿಗೆ ಬಂದವನು ಸುಡುಬಿಸಿಲಲ್ಲಿ ನಿಂತು, ಸ್ಕ್ರೂಡ್ರೈವರಿನಂಥ ಟೆಸ್ಟರನ್ನು ಮೋಟಾರಿನ ಮೈಗೆ ತಾಗಿಸಿದ. ಅದರೊಳಗಿನ ಪುಟ್ಟ ದೀಪ ಉರಿದರೂ ಆ ಬಿಸಿಲಿಗೆ ಕಾಣುವಂತಿರಲಿಲ್ಲ. "ಕರೆಂಟಿಲ್ಲ ಕಣಕ್ಕ, ಇಡ್ಕಳಿ" ಎಂದ. ದೊಡ್ಡಮ್ಮ ಮೋಟಾರು ಹಿಡಿದರು. ದೊಡ್ಡಪ್ಪ ಓಡಿಹೋಗಿ ಫ್ಯೂಸ್ ಕಿತ್ತದ್ದರಿಂದ ಜೀವ ಉಳಿಯಿತು.

ಆಸ್ಪತ್ರೆಗೆ ಬಂದ ನೆಂಟರು ಬೈದದ್ದು ಯಾರನ್ನು? ದೊಡ್ಡಮ್ಮನನ್ನೇ! "ಹೆಂಗಸ್ರಿಗ್ ಯಾಕವ್ವ ಮೋಟ್ರು ಸವಾಸ?" ಎಂದರು. ಬ್ಯಾಂಡೇಜಿನ ಕೈ ಎತ್ತಿ ದೊಡ್ಡಮ್ಮ ಕೇಳಿದರು: "ಮುಟ್ಟಿದ್ ನಂದ್ ತಪ್ಪಾ? ಮುಟ್ಟು ಅಂದೋನ್ದು ಏನೂ ಇಲ್ವಾ?" ಈಗ ನೆನೆದರೂ ನನ್ನ ಮೈ ಉರಿಯುತ್ತದೆ.

ಕೈ ವಾಸಿಯಾದ ಮೇಲೆ ದೊಡ್ಡಮ್ಮ ನನ್ನನ್ನು ಜೊತೆಗೆ ಕರೆದುಕೊಂಡು ಮಂಡ್ಯದ ಕರೆಂಟ್ ಸಾಮಾನಿನ ಅಂಗಡಿಗೆ ಹೋದರು. ಅಂಗಡಿಯವನು ಅದೇ ಥರದ ಟೆಸ್ಟರ್ ಮುಂದಿಟ್ಟು, "ಮನೆಗೆ ಇದೇ ಸಾಕು ಕಣಮ್ಮ" ಎಂದ.

"ಇದು ಉರುದ್ರೆ ಕರೆಂಟದೆ ಅಂತೀವಿ. ಉರೀದಿದ್ರೆ ಇಲ್ಲ ಅಂತ ಎಂಗಪ್ಪ ನಂಬೋದು? ನಂಬಂಗಿರೋದ್ ಕೊಡು."

ಕೊನೆಗೆ ಅವರು ಆರಿಸಿಕೊಂಡದ್ದು ಎರಡು ಕಡ್ಡಿಯ ಟೆಸ್ಟರ್. ಎರಡು ಕಡೆ ತಾಗಿಸಿದರೆ ನಡುವೆ ಕರೆಂಟ್ ಎಷ್ಟಿದೆಯೆಂದು ಸಾಲುದೀಪ ತೋರಿಸುತ್ತಿತ್ತು. ಅದನ್ನೂ ಕುರುಡಾಗಿ ನಂಬುತ್ತಿರಲಿಲ್ಲ. ಕರೆಂಟ್ ಇದ್ದೇ ಇರುವ ಸಾಕೆಟ್ಟಿನಲ್ಲಿ ಮೊದಲು ಟೆಸ್ಟರನ್ನೇ ಪರೀಕ್ಷಿಸಿ, ಕೆಲಸ ಮುಗಿದ ಮೇಲೆ ಮತ್ತೊಮ್ಮೆ ನೋಡುತ್ತಿದ್ದರು.

ನನ್ನ ಬಾಣಂತನಕ್ಕೆ ಅವರು ಮಂಡ್ಯದ ನಮ್ಮ ಬಾಡಿಗೆ ಮನೆಗೆ ಬಂದರು. ಮಗುವಿಗೆ ಬಿಸಿನೀರು ಹಿಡಿಯಲು ಗೀಸರ್ ಹಾಕಿ, ಬಚ್ಚಲಿನ ನಲ್ಲಿ ಮುಟ್ಟಿದೊಡನೆ ಕೈ ಜುಮ್ ಎಂದಿತು. ಮಗುವನ್ನು ನನ್ನ ಮಡಿಲಿಗೆ ಹಾಕಿ ಮನೆ ಮಾಲೀಕನನ್ನು ಕರೆಸಿದರು. ಅವನು ನೆಲ ಒದ್ದೆಯೆಂದು ರಬ್ಬರ್ ಚಪ್ಪಲಿಯಲ್ಲೇ ಪ್ಲಾಸ್ಟಿಕ್ ಸ್ಟೂಲು ಹತ್ತಿ, ಸ್ಕ್ರೂಡ್ರೈವರ್ ಟೆಸ್ಟರನ್ನು ನಲ್ಲಿಗೆ ತಾಗಿಸಿದ.

"ನೋಡಿ, ಉರೀತಿಲ್ಲ. ಸುಮ್ನೆ ಭಯ ನಿಮ್ಗೆ."

"ಅಂಗ್ ನಿಂತ್ಕಂಡ್ರೆ ಕರೆಂಟು ನಿಮ್ ಮೈಯಿಂದ ನೆಲಕ್ಕಿಳಿಯಕಿಲ್ಲ, ಅದೆಲ್ಲಿ ಸರಿಯಾಗ್ ಉರೀತದೆ ಸ್ವಾಮಿ? ಇಳೀರಿ ಕೆಳೀಕೆ."

ದೊಡ್ಡಮ್ಮ ಗೀಸರಿನ ಪ್ಲಗ್ ತೆಗೆದು, ಸಾಕೆಟ್ಟಿನ ತೂತುಗಳಿಗೆ ತಮ್ಮ ಕಡ್ಡಿಗಳನ್ನಿಟ್ಟರು. ಕರೆಂಟು ಬರುವ ಫೇಸಿಗೂ ಅದು ಹಿಂತಿರುಗುವ ನ್ಯೂಟ್ರಲಿಗೂ ಇಟ್ಟಾಗ ದೀಪಗಳು ಹೊತ್ತಿದವು. ಫೇಸಿಗೂ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿನ ತೂತಿಗೂ ಇಟ್ಟಾಗ ಒಂದೂ ಹೊತ್ತಲಿಲ್ಲ. ಆ ತೂತಿನ ಹಿಂದೆ ವೈರೇ ಇರಲಿಲ್ಲ!

"ಮೂರ್ನೇ ತೂತ ಸೋಕಿಗ್ ಬುಟ್ಟಿದ್ದೀರಾ? ಕೂಸ್ ಸತ್ತಿದ್ರೆ ಏನ್ ಏಳ್ತಿದ್ರಿ?"

"ಇಷ್ಟ ಇಲ್ದಿದ್ರೆ ಮನೆ ಖಾಲಿ ಮಾಡಿ" ಎಂದ ಆ ಮಹಾನುಭಾವ.

ದೊಡ್ಡಮ್ಮ ನೇರ ಅವನ ಮನೆಯ ಜಗಲಿಗೆ ಹೋಗಿ ಕೂತರು. "ನಾವ್ ಖಾಲಿ ಮಾಡ್ಕಂಡ್ ಓದ್ರೆ ಇನ್ನೊಬ್ರು ಬಂದ್ ಸಾಯ್ಲಾ? ಅರ್ಥಿಂಗ್ ಆಗೋಗಂಟ ಏಳಕಿಲ್ಲ." ಬೀದಿಯವರೆಲ್ಲ ಕೇಳಿಸಿಕೊಂಡರು. ಸಂಜೆಯೊಳಗೆ ಮಾಲೀಕ ಗುಂಡಿ ತೋಡಿಸಿ ಅರ್ಥಿಂಗ್ ಮಾಡಿಸಿದ. ಗೀಸರ್ ಬಿಚ್ಚಿದ ವೈರ್‌ಮ್ಯಾನ್, ನೀರು ಕಾಯಿಸುವ ಕಾಯಿಲ್ ಒಡೆದು ಕರೆಂಟು ನೀರಿಗೆ ಸೋರುತ್ತಿದ್ದುದನ್ನು ನಮಗೆಲ್ಲ ತೋರಿಸಿದ. ಮಾಲೀಕ ಕ್ಷಮೆಯನ್ನೂ ಕೇಳಲಿಲ್ಲ.

ಹೋದ ವರ್ಷ ಜ್ವರವೆಂದು ಮಲಗಿದ ದೊಡ್ಡಮ್ಮ ಮತ್ತೆ ಏಳಲಿಲ್ಲ. ತಿಥಿಯ ದಿನ ಊಟದ ಸಾಲಿನಲ್ಲಿ ನೆಂಟರೊಬ್ಬರು, "ಒಳ್ಳೇ ಹೆಂಗ್ಸು. ಬಾಯೊಂದ್ ಜಾಸ್ತಿ ಕಣ್ಲಾ" ಎಂದು ಪಕ್ಕದವರಿಗೆ ಹೇಳಿ ನಕ್ಕರು. ಅವರ ಎಲೆಗೆ ಪಾಯಸ ಬಡಿಸುತ್ತಿದ್ದವಳು ನನ್ನ ಮಗಳು, ಅಂದಿನ ಆ ಕೂಸು. ನಾನು ಅವಳ ಹೆಗಲು ಹಿಡಿದು ಅವರ ಮುಂದೆ ನಿಲ್ಲಿಸಿ ಹೇಳಿದೆ: "ಆ ಬಾಯಿ ಇಲ್ದಿದ್ರೆ ಇವತ್ತು ಇವ್ಳು ಇರ್ತಿರ್ಲಿಲ್ಲ."