ಚಾಪೆಯ ಪಕ್ಕದ ಸ್ವಿಚ್ಚು

ಯಜಮಾನರು ಹೋದಮೇಲೆ ನನಗೆ ಮಂಡಿನೋವು ಜಾಸ್ತಿಯಾಯಿತು. ಮಗಳ ಬಾಡಿಗೆ ಮನೆಯಲ್ಲಿ ಸ್ವಿಚ್ಚು ಬಾಗಿಲ ಪಕ್ಕ, ಎದೆಮಟ್ಟಕ್ಕಿತ್ತು. ಸಂಜೆ ಮಬ್ಬಾದರೂ ಎದ್ದು ದೀಪ ಹಾಕಲಾಗದೆ, ಎಲ್ಲರೂ ಕೆಲಸದಿಂದ ಬರುವ ತನಕ ಚಾಪೆಯ ಮೇಲೆ ಒಬ್ಬಳೇ ಬಿದ್ದಿರುತ್ತಿದ್ದೆ.

ಮದ್ದೂರಿನಲ್ಲಿ ಮಗಳು ಸ್ವಂತ ಮನೆ ಕಟ್ಟಿಸುವಾಗ, ವೈರಿಂಗ್ ಕಲಿತ ಮೊಮ್ಮಗಳು ನನ್ನ ಕೋಣೆಯಲ್ಲಿ ಚಾಪೆ ಹಾಸಿ, "ಅಜ್ಜಿ, ಮನಿಕಂಡು ಕೈ ಚಾಚು" ಎಂದಳು. ಬೆರಳು ಮುಟ್ಟಿದ ಕಡೆ ಗೋಡೆಗೆ ಸೀಮೆಸುಣ್ಣದ ಗೀಟು ಎಳೆದಳು.

ಗಾರೆಯವನು ನಕ್ಕ. "ಇಷ್ಟು ತಗ್ಗಲ್ಲಿ ಯಾರವ್ವ ಸ್ವಿಚ್ಚು ಮಡಗ್ತಾರೆ? ಇಲಿ ಬಂದು ದೀಪ ಹಾಕ್ಕತದಾ?"

"ನಮ್ಮಜ್ಜಿ ಮಂಚ ಹತ್ತಲ್ಲ ಕಣಣ್ಣ. ನೀ ಗೋಡೆ ಕೊರಿ."

ಸಂಜೆ ಈಗಲೂ ಮನೆಯಲ್ಲಿ ನಾನೊಬ್ಬಳೇ. ಆದರೆ ದೀಪ ನಾನೇ ಹಾಕುತ್ತೇನೆ. ಎಂಥಾ ಖುಷಿ ಅಂತೀರಿ! ಬೇಕಿಲ್ಲದಿದ್ದರೂ ಆರಿಸಿ ಇನ್ನೊಮ್ಮೆ ಹಾಕುತ್ತೇನೆ.