ಚಪ್ಪಾಳೆಯ ಮೇಲೊಂದು ಸಂಶಯ

ಮೊನ್ನೆ ಲೋಕಲ್ ರೈಲಿನಲ್ಲಿ ಪಕ್ಕದವರು ಮಂಡಿಗೆ ಮುಲಾಮು ತಿಕ್ಕಿಕೊಂಡರು ನೋಡಿ, ಆ ಘಾಟಿಗೆ ನನಗೆ, ಆಟಕ್ಕೆ ಮುಂಚೆ ಅದನ್ನೇ ತಿಕ್ಕಿಕೊಳ್ಳುತ್ತಿದ್ದ ಬಸಪ್ಪಣ್ಣ ನೆನಪಾದ. ಎಪ್ಪತ್ತರ ದಶಕದಲ್ಲಿ ಪರೇಲಿನ ನಮ್ಮ ಮಿಲ್ಲಿನ ಫುಟ್‌ಬಾಲ್ ತಂಡದ ಡಿಫೆಂಡರ್. ಬೆಳಗಾವಿಯವನು. ಹಾಜರಿ ಪುಸ್ತಕದಲ್ಲಿ ಮಾತ್ರ ಬಟ್ಟೆ ಮಡಚುವ ಫೋಲ್ಡಿಂಗ್ ಖಾತೆಯ ಕೆಲಸಗಾರ. ನಿಜವಾದ ಕೆಲಸವೆಲ್ಲ ಮೈದಾನದಲ್ಲಿ.

ನಾನು ಅಲ್ಲೇ ಗುಮಾಸ್ತ. ಚೆಂಡು ಒದೆಯಲು ಬಾರದ ನನಗೆ ಒದೆಯುವವರನ್ನು ಬಯ್ಯಲು ಚೆನ್ನಾಗಿ ಬರುತ್ತಿತ್ತು. ಭಾನುವಾರ ನಮ್ಮ ಚಾಳಿನ ವಠಾರದವರೆಲ್ಲ ಗೆರೆಯ ಪಕ್ಕ ನಿಂತು ಕನ್ನಡ, ಮರಾಠಿ ಎರಡರಲ್ಲೂ ಬಸಪ್ಪಣ್ಣನ ಜನ್ಮ ಜಾಲಾಡುತ್ತಿದ್ದೆವು. ಅದು ನಮ್ಮ ಪ್ರೀತಿಯ ರೀತಿ. ಎದುರು ತಂಡದವರನ್ನು ಯಾರು ಬಯ್ಯುತ್ತಾರೆ ಹೇಳಿ, ಅವರೇನು ನಮ್ಮವರೇ?

ಅವನಿಗೆ ಮೂವತ್ತೆಂಟಾದ ವರ್ಷ, ಯಾಕೋ, ಎಲ್ಲರೂ ಚಪ್ಪಾಳೆ ಶುರುಮಾಡಿದರು. ಪಾಸು ತಪ್ಪಿದರೂ ಚಪ್ಪಾಳೆ. ನನ್ನದು ಮೊದಲೇ ಸಂಶಯದ ಸ್ವಭಾವ. ತಂಡದ ಮ್ಯಾನೇಜರೇ ಯಾರದೋ ಕಿವಿಯೂದಿರಬೇಕು, ಗೌರವದಿಂದಲೇ ಇವನನ್ನು ಸಾಗಹಾಕುವ ಹುನ್ನಾರ ಇದು ಅಂದುಕೊಂಡೆ. ಬಸಪ್ಪಣ್ಣನಿಗಾದರೋ ನನ್ನ ಮೇಲೇ ಸಂಶಯ.

"ಯಾರ್ ಹೇಳಿಕೊಟ್ಟಾರೋ ನಿಮಗ?" ಎಂದು ಕ್ಯಾಂಟೀನಿನಲ್ಲಿ ಹಿಡಿದು ಕೇಳಿದ.

"ಯಾರೂ ಇಲ್ಲಣ್ಣಾ. ಅಭಿಮಾನ, ಅಷ್ಟ."

"ಅಭಿಮಾನ ಅಂತ! ಬಯ್ಯೋ ತನಕ ನಾ ಆಡ್ತೀನಿ ಅಂತ ನಂಬಿದ್ರಿ. ಈಗ ನಂಬೋದ ಬಿಟ್ಟೀರಿ. ಸೆಮಿಫೈನಲ್‌ದಾಗ ನಾ ತಪ್ಪಿದ್ರ ನೀ ಒಬ್ಬನರ ಬಯ್ಯಬೇಕು ನೋಡ್. ಇಲ್ಲಾಂದ್ರ ನನ್ನ ಆಟ ಮುಗೀತು ಅಂತ ತಿಳ್ಕೊಂತೀನಿ."

ಮಾತು ಕೊಟ್ಟೆ. ಸೆಮಿಫೈನಲ್‌ನಲ್ಲಿ ಎದುರು ತಂಡದವನೊಬ್ಬ ಅವನನ್ನು ದಾಟಿ ಓಡಿ ಗೋಲು ಹೊಡೆದ. ಬಸಪ್ಪಣ್ಣ ಮಂಡಿ ಹಿಡಿದುಕೊಂಡು ನೇರ ನನ್ನತ್ತ ನೋಡಿದ. ಬಾಯಿ ತೆರೆದೆ. ಬೈಗುಳ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅಳು ಬಂತು. ಸುತ್ತಲಿನವರು ಚಪ್ಪಾಳೆ ತಟ್ಟುತ್ತಿದ್ದರು, ನಾನೂ ತಟ್ಟಿಬಿಟ್ಟೆ.

ಸೋಮವಾರ ಅವನು ಯಾರೂ ಹೇಳದೆ ಫೋಲ್ಡಿಂಗ್ ಖಾತೆಗೆ ಹೋಗಿ ಬಟ್ಟೆ ಮಡಚತೊಡಗಿದ. ನಾನು ಅಷ್ಟು ಅನುಮಾನಿಸಿದ್ದ ಮ್ಯಾನೇಜರೇ ಓಡಿಬಂದು, "ಆಣಖೀ ಏಕ್ ಸೀಸನ್ ಖೇಳ್ ರೇ," ಇನ್ನೊಂದು ಸೀಸನ್ ಆಡೋ, ಎಂದು ಬೇಡಿಕೊಂಡ. ಬಸಪ್ಪಣ್ಣ ಮುಂದಿನ ಬಟ್ಟೆ ಎಳೆದುಕೊಂಡು ಮಡಚಿದ. ಸಂಚು ಮಾಡಿದವರು ಯಾರೂ ಇರಲಿಲ್ಲ, ನಾವೇ ಇದ್ದೆವು.

ಈಗ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಮಾಡುವವನು ನಾನು. ನೀರಾಯಿತು, ಕಡಕ್ ಆಯಿತು ಎಂದು ಮಗ ದಿನಾ ಜಗಳ ತೆಗೆಯುತ್ತಿದ್ದ. ಈ ವಾರ ಮಾತ್ರ "ಭಾಳ ಛಲೋ ಆಗೇದ" ಅನ್ನುತ್ತಿದ್ದಾನೆ. ಇವತ್ತು ಅವನ ಲೋಟ ಕಸಿದು ಕುಡಿದು ನೋಡಿದೆ. ಸಕ್ಕರೆಯೇ ಇಲ್ಲ.

"ಯಾಕ ಬಯ್ಯಲಿಲ್ಲೋ?"

"ಇರ್ಲಿ ಬಿಡ್ರಿ, ಅಪ್ಪಾ."

ಎಷ್ಟು ಮೆತ್ತಗೆ ಅಂದ! ನನಗೆ ಭಯವಾಯಿತು.